ಬರೆದಿಟ್ಟ ಬಯಲು

ಮೈದನಹಳ್ಳಿ, ಮಧುಗಿರಿ ತಾಲ್ಲೂಕು: ಡಿಸೆಂಬರ್

ಮೊದಲು ಕೇಳುವುದು ಗೌಜಲಿನ ಕೂಗು. ಪೂರ್ವದ ಪೊದೆಯಿಂದ ಒಂದು ಶುರು ಮಾಡಿದರೆ ದೂರದ ಹೊಲದ ಬದುವಿನಿಂದ ಇನ್ನೊಂದು ಉತ್ತರ ಕೊಡುತ್ತದೆ. ಹುಲ್ಲು ಮೊಣಕಾಲುದ್ದ ಬೆಳೆದು, ಒಣಗಿ, ಬೀಜ ಉದುರಿಸಿ ನಿಂತಿದೆ. ಇಬ್ಬನಿ ಇನ್ನೂ ಆರಿಲ್ಲ. ಎದ್ದು ನಡೆದರೆ ಹಿಂಡು ಕದಲುತ್ತದೆ. ಅದಕ್ಕೆ ದಾರಿಯ ಅಂಚಿನಲ್ಲೇ ಕೂತಿದ್ದೇನೆ.

ಕೃಷ್ಣಮೃಗಗಳು ಮಲಗಿದ್ದಲ್ಲಿಂದ ಎದ್ದು ಮೇಯತೊಡಗಿವೆ. ಹೆಣ್ಣುಗಳು, ಮರಿಗಳು ಒಣಹುಲ್ಲಿನದೇ ಬಣ್ಣ. ತಲೆ ತಗ್ಗಿಸಿದರೆ ಅಲ್ಲಿ ಪ್ರಾಣಿ ಇತ್ತೆಂಬುದೇ ಮರೆತುಹೋಗುತ್ತದೆ. ಕಪ್ಪು ಬೆನ್ನಿನ ಗಂಡು ಮಾತ್ರ ಎದ್ದು ಕಾಣುತ್ತದೆ. ತನ್ನ ಹಿಕ್ಕೆಯ ಗುಪ್ಪೆಯ ಬಳಿ ನಿಂತು, ಮೂತಿ ಮೇಲೆತ್ತಿ, ತಿರುಚಿದ ಕೊಂಬುಗಳನ್ನು ಬೆನ್ನಿಗೆ ತಾಗುವಂತೆ ಹಿಂದಕ್ಕೆ ಚಾಚಿ ನಡೆಯುತ್ತದೆ. ಈ ಗುಪ್ಪೆಯೇ ಅದರ ಗಡಿಕಲ್ಲು. ಇನ್ನೊಂದು ಗಂಡು ಅದರ ಹತ್ತಿರಕ್ಕೆ ಬಂದು, ವಾಸನೆ ನೋಡಿ, ಹಿಂದಿರುಗಿತು.

ಅವುಗಳ ಆಚೆ ಒಂದು ಹ್ಯಾರಿಯರ್ ಗಿಡುಗ ಹುಲ್ಲಿನ ತುದಿ ಸವರುವಷ್ಟು ತಗ್ಗಿನಲ್ಲಿ, ರೆಕ್ಕೆಗಳನ್ನು ತುಸು ಮೇಲಕ್ಕೆ ಹಿಡಿದು ತೇಲುತ್ತಿದೆ. ಮಧ್ಯ ಏಷ್ಯಾದ ಕಡೆಯಿಂದ ಚಳಿಗಾಲ ಕಳೆಯಲು ಬಂದ ಹಕ್ಕಿ. ಇದು ಬೇಟೆಯಾಡುವುದು ಹುಲ್ಲಿನಲ್ಲಿ. ರಾತ್ರಿ ಮಲಗುವುದೂ ಮರದ ಮೇಲಲ್ಲ, ಹುಲ್ಲಿನ ನಡುವೆ ನೆಲದ ಮೇಲೆ. ಹುಲ್ಲು ಹೋಯಿತೆಂದರೆ ಇದಕ್ಕೆ ಇಲ್ಲಿ ಬರಲು ಕಾರಣವೇ ಉಳಿಯುವುದಿಲ್ಲ.

ಶುರು ಮಾಡಿದ ಹೊತ್ತು, ಮುಗಿಸಿದ ಹೊತ್ತು, ನಡೆದ ದೂರ, ಕಂಡ ಮತ್ತು ಕೇಳಿದ ಪ್ರತಿಯೊಂದು ಹಕ್ಕಿಯ ಹೆಸರು, ಎಣಿಕೆ: ಇಷ್ಟನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಸಂಜೆ ಅದು ಇ-ಬರ್ಡ್ ಜಾಲತಾಣಕ್ಕೆ ಹೋಗುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯ 2002ರಲ್ಲಿ ಶುರು ಮಾಡಿದ ಈ ತಾಣದಲ್ಲಿ ಯಾರು ಬೇಕಾದರೂ ತಮ್ಮ ಪಟ್ಟಿ ಸೇರಿಸಬಹುದು. ನಮ್ಮ ದೇಶದಲ್ಲಿ ಬರ್ಡ್ ಕೌಂಟ್ ಇಂಡಿಯಾ ಎಂಬ ಒಕ್ಕೂಟ ಇದರ ಹಿಂದೆ ನಿಂತಿದೆ. ಪಟ್ಟಿ ಕೊಡುವ ಮುನ್ನ ತಾಣ ಒಂದು ಪ್ರಶ್ನೆ ಕೇಳುತ್ತದೆ: ನೀವು ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಬರೆದಿದ್ದೀರಾ? ಹೌದು ಎಂದರೆ ಆ ಪಟ್ಟಿಗೆ ಎರಡು ಪಟ್ಟು ಬೆಲೆ. ಏಕೆಂದರೆ ಅದರಲ್ಲಿ ಇರುವ ಹೆಸರುಗಳಷ್ಟೇ ಇಲ್ಲದ ಹೆಸರುಗಳೂ ಮಾತಾಡುತ್ತವೆ. ನೆಲಗುಬ್ಬಿ ಹತ್ತು ಪಟ್ಟಿಗಳಲ್ಲಿ ಎಂಟರಲ್ಲಿ ಇದ್ದದ್ದು, ಕೆಲವು ವರ್ಷಗಳ ನಂತರ ಮೂರರಲ್ಲಿ ಮಾತ್ರ ಇದ್ದರೆ, ಯಾರೂ ಬಾಯಿಬಿಟ್ಟು ಹೇಳದೆಯೇ ಸಂಗತಿ ತಿಳಿಯುತ್ತದೆ. ಅಪರೂಪದ ಹಕ್ಕಿಯನ್ನು ಮಾತ್ರ ಬರೆದು ಗೊರವಂಕ, ಹರಟೆಮಲ್ಲ, ಕಾಜಾಣಗಳನ್ನು ಬಿಟ್ಟ ಪಟ್ಟಿಯಿಂದ ಈ ಲೆಕ್ಕ ಹುಟ್ಟುವುದಿಲ್ಲ.

ಮೈದನಹಳ್ಳಿ ತುಮಕೂರು ಜಿಲ್ಲೆಯ ಪೂರ್ವದ ಅಂಚು. ಸ್ವಲ್ಪ ನಡೆದರೆ ಆಂಧ್ರದ ಹೊಲ. ಇಲ್ಲಿನ 798 ಎಕರೆ 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಣೆಯಾಯಿತು. ದೇವರಾಯನದುರ್ಗದಲ್ಲಿ ಹುಟ್ಟಿ, ಕೊರಟಗೆರೆ, ಮಧುಗಿರಿ ಸೀಮೆ ಹಾದು ಉತ್ತರ ಪಿನಾಕಿನಿ ಸೇರುವ ಹೊಳೆಯ ಹೆಸರೇ ಮೀಸಲಿಗೂ ಬಂತು. ಅದಕ್ಕೆ ಮೊದಲು ತುಮಕೂರಿನ ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್ಬಿನ ಗೆಳೆಯರು ಈ ಬಯಲಿಗೆ ಬಂದು, ಕಂಡದ್ದನ್ನು ಬರೆದು, ಬರೆದದ್ದನ್ನು ಎಲ್ಲರ ಮುಂದೆ ಇಟ್ಟಿದ್ದರು. ನೆಲವನ್ನು ಉಳಿಸುವ ಸರ್ಕಾರಿ ಆದೇಶಕ್ಕೆ ಮೊದಲು ಯಾರದೋ ಎಣಿಕೆ ಇರುತ್ತದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳಲ್ಲಿ ತಿರುಗುವಾಗಲೆಲ್ಲ ನನಗೆ ಮತ್ತೆ ಮತ್ತೆ ಕಾಣುವುದು ಇದೇ.

ಬಯಲುಸೀಮೆಗೆ ಈ ಮಾತು ಮಲೆನಾಡಿಗಿಂತ ಹೆಚ್ಚು ಅನ್ವಯಿಸುತ್ತದೆ. ಮಲೆನಾಡಿನ ಕಾಡನ್ನು ಕಾಡಲ್ಲ ಎನ್ನುವ ಧೈರ್ಯ ಯಾರಿಗೂ ಇಲ್ಲ. ನಮ್ಮ ಕುರುಚಲು, ಹುಲ್ಲು, ಬಂಡೆ ಗುಡ್ಡಗಳು ದಾಖಲೆಯಲ್ಲಿ ಗೋಮಾಳ, ಖರಾಬು ಎಂದು ಕೂತಿವೆ. ಪಹಣಿಯಲ್ಲಿ ನೆಲಗುಬ್ಬಿಗೆ ಕಲಂ ಇಲ್ಲ. ಆ ಕಲಂ ಅನ್ನು ನಾವೇ, ಸಾಮಾನ್ಯ ಜನ, ಬೇರೊಂದು ಕಡೆ ತೆರೆಯಬೇಕಾಗಿದೆ.

ಕಗ್ಗಲಡು, ಶಿರಾ ತಾಲ್ಲೂಕು: ಮಾರ್ಚ್

ಊರ ನಡುವೆ ಹುಣಸೆ ಮರಗಳು. ಮರದ ನೆತ್ತಿಯಲ್ಲಿ ಕಡ್ಡಿ ಗೂಡುಗಳು, ಗೂಡುಗಳಲ್ಲಿ ಬಣ್ಣದ ಕೊಕ್ಕರೆಗಳು. ಹಳದಿ ಕೊಕ್ಕು, ಕಿತ್ತಳೆ ಬಣ್ಣದ ಬೋಳು ಮುಖ, ರೆಕ್ಕೆಯಂಚಿನಲ್ಲಿ ಗುಲಾಬಿ. ದೊಡ್ಡವಕ್ಕೆ ಗಂಟಲಿಲ್ಲ ಎನ್ನುವಷ್ಟು ಮೌನ; ಕೊಕ್ಕಿಗೆ ಕೊಕ್ಕು ತಟ್ಟಿ ಸದ್ದು ಮಾಡುತ್ತವೆ. ಗದ್ದಲವೆಲ್ಲ ಮರಿಗಳದು. ಬೂದು ಬಕಗಳೂ ಪಕ್ಕದ ಕೊಂಬೆಗಳಲ್ಲಿ ಗೂಡು ಕಟ್ಟಿವೆ. ಕೆಳಗೆ ಹಟ್ಟಿ, ಕಟ್ಟಿದ ಎಮ್ಮೆ, ಒಣಗಿಸಿದ ಬಟ್ಟೆ, ಎಲ್ಲದರ ಮೇಲೂ ಬಿಳಿ ಹಿಕ್ಕೆ.

ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಅಜ್ಜಿಯನ್ನು ಕೇಳಿದೆ, "ಅಜ್ಜಿ, ಈ ಮರದ ಕಾಯಿ ಉದುರಿಸಲ್ವಾ?"

"ಗೂಡಿರೋ ಮರಾನ ಜಾಡಿಸ್ತಾರೇನಪ್ಪ? ಮರಿ ಬಿದ್ದೋಗ್ತವೆ. ತಾವಾಗಿ ಬಿದ್ದಿದ್ದು ಆರಿಸ್ಕತೀವಿ, ಅಷ್ಟೇ."

ಬಯಲುಸೀಮೆಯ ಮನೆಗೆ ಹುಣಸೆ ಎಂದರೆ ವರ್ಷಕ್ಕೊಮ್ಮೆ ಕೈಗೆ ಬರುವ ದುಡ್ಡು. ಕಾಯಿ ಬಡಿಯುವ ಕಾಲ, ಕೊಕ್ಕರೆ ಮೊಟ್ಟೆ ಇಟ್ಟು ಮರಿ ಮಾಡುವ ಕಾಲ ಎರಡೂ ಒಂದರ ಮೇಲೊಂದು ಬರುತ್ತವೆ. ಅಂಥ ಹೊತ್ತಿನಲ್ಲಿ ಕೋಲು ಕೆಳಗಿಟ್ಟವರ ಊರು ಇದು.

ಈ ಊರಿನ ಕೊಕ್ಕರೆಗಳನ್ನು 1999ರಲ್ಲಿ ಹೊರಜಗತ್ತಿಗೆ ತಿಳಿಸಿದ್ದೂ ತುಮಕೂರಿನ ಅದೇ ಕ್ಲಬ್ಬು. ಆದರೆ ಹಕ್ಕಿಗಳು ಅದಕ್ಕೆ ಮೊದಲೇ ಇಲ್ಲಿದ್ದವು, ಅವನ್ನು ಕಾಯುವ ಜನವೂ ಇದ್ದರು. ಇಲ್ಲಿಂದ ಜಾಲಕ್ಕೆ ಏರಿಸುವ ಚಿತ್ರಗಳಲ್ಲಿ ಈ ಭಾಗ ಹೆಚ್ಚಾಗಿ ಬಿಟ್ಟುಹೋಗುತ್ತದೆ. ಕೊಕ್ಕರೆಯ ಕಣ್ಣಿನ ಹೊಳಪು ಬರುತ್ತದೆ, ಅಜ್ಜಿ ಜಾಡಿಸದೆ ಬಿಟ್ಟ ಕೊಂಬೆ ಬರುವುದಿಲ್ಲ. ಅದಕ್ಕೇ ನನ್ನ ಟಿಪ್ಪಣಿಯಲ್ಲಿ ಎರಡು ಭಾಗ ಮಾಡಿಕೊಂಡಿದ್ದೇನೆ. ಒಂದು, ಕಣ್ಣಿಗೆ ಕಂಡದ್ದು: ಯಾವ ಮರ, ಎಷ್ಟು ಗೂಡು, ಎಷ್ಟರಲ್ಲಿ ಮರಿ. ಇನ್ನೊಂದು, ಊರಿನವರು ಹೇಳಿದ್ದು: ಈ ಸಲ ಶಿವರಾತ್ರಿಗೆ ಮೊದಲು ಬಂದವೋ ಆಮೇಲೋ, ಯಾವ ಮರ ಹೊಸದಾಗಿ ಹಿಡಿದವು, ಯಾವ ಕೆರೆಯ ಕಡೆಗೆ ಮೇವಿಗೆ ಹೋಗುತ್ತಿವೆ. ಎರಡನ್ನೂ ಬೇರೆಬೇರೆ ಇಟ್ಟು, ಎರಡನ್ನೂ ಹಂಚುತ್ತೇನೆ. ತಾಣಗಳಲ್ಲಿ ಟಿಪ್ಪಣಿಗೆಂದು ಬಿಟ್ಟ ಜಾಗ ಇರುವುದೇ ಇದಕ್ಕೆ.

ಗೂಡು ಎಣಿಸುವವರ ಒಂದು ವಾಟ್ಸ್ಆಪ್ ಗುಂಪಿನಲ್ಲಿ ಯಾರೋ ಒಮ್ಮೆ ಒಂದು ಉಪಾಯ ಹಾಕಿದ್ದರು: ಪ್ರತಿ ಮರಕ್ಕೂ ಒಂದು ಸಂಖ್ಯೆ ಕೊಡಿ, ಪ್ರತಿ ಸಲವೂ ಅದೇ ಜಾಗದಲ್ಲಿ ನಿಂತು, ಅದೇ ದಿಕ್ಕಿನಿಂದ ಒಂದು ಫೋಟೊ ತೆಗೆಯಿರಿ. ನೋಡಲು ಸಣ್ಣ ಮಾತು. ಆದರೆ ಹೀಗೆ ತೆಗೆದ ಫೋಟೊಗಳನ್ನು ಸಾಲಾಗಿ ಇಟ್ಟರೆ, ಗೂಡು ಹೆಚ್ಚಿದ್ದು, ಮರ ಒಣಗಿದ್ದು, ಮರಿ ಹಾರಿಹೋಗಿದ್ದು ಯಾರ ನೆನಪಿನ ಹಂಗೂ ಇಲ್ಲದೆ ಕಣ್ಣೆದುರು ಬರುತ್ತದೆ. ಒಂದು ಒಳ್ಳೆಯ ಉಪಾಯಕ್ಕೆ ದುಬಾರಿ ಕ್ಯಾಮೆರಾ ಬೇಕಿಲ್ಲ. ಅದನ್ನು ತನ್ನಲ್ಲೇ ಇಟ್ಟುಕೊಳ್ಳದೆ ಗುಂಪಿನ ಮುಂದಿಟ್ಟ ಆ ಮನುಷ್ಯನಿಗೆ ನಾನು ಋಣಿ.

ಬುಕ್ಕಾಪಟ್ಟಣ, ಶಿರಾ ತಾಲ್ಲೂಕು: ಅದೇ ತಿಂಗಳು

ಕಮರ, ಜಾಲಿ, ಕಾರೆ, ನಡುನಡುವೆ ಕಲ್ಲುನೆಲ. ಮಧ್ಯಾಹ್ನದಲ್ಲಿ ಇಲ್ಲಿ ಏನೂ ಕದಲುವುದಿಲ್ಲ. ಈ ಕುರುಚಲಿನಲ್ಲಿ ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಮತ್ತು ಅವರ ತಂಡ ಮರಗಳಿಗೆ ಕ್ಯಾಮೆರಾ ಕಟ್ಟಿ ಕಾದರು. ಸಿಕ್ಕಿದ ಚಿತ್ರಗಳಲ್ಲಿ ಚಿಂಕಾರ ಇತ್ತು. ಬರಗಾಲದ ನೆಲಕ್ಕೆ ಒಗ್ಗಿದ, ನೀರನ್ನು ಬಹಳಮಟ್ಟಿಗೆ ಮೇವಿನಿಂದಲೇ ಪಡೆಯುವ, ತೆಳುಕಾಲಿನ ಈ ಜಿಂಕೆಯನ್ನು ಇಲ್ಲಿ ಇದೆಯೆಂದು ದಾಖಲಿಸಿದ ಮೇಲೆ, 2019ರಲ್ಲಿ ಸುಮಾರು 136 ಚದರ ಕಿಲೊಮೀಟರ್ ಪ್ರದೇಶ ಬುಕ್ಕಾಪಟ್ಟಣ ಚಿಂಕಾರ ವನ್ಯಧಾಮವಾಯಿತು. ಕೊಂಡುಕುರಿಯೂ ಇದೇ ಕಾಡಿನದು.

ಚಿಂಕಾರವನ್ನು ನಾನು ಕಣ್ಣಾರೆ ನೋಡಿಲ್ಲ. ನೋಡಿದ್ದು ಗೌಜಲು, ಮುಂಗುಸಿ, ಬಂಡೆಯ ಸಂದಿನಲ್ಲಿ ಒಂದು ಉಡ. ಆ ಪಟ್ಟಿಯನ್ನೂ ಕೊಟ್ಟಿದ್ದೇನೆ. ವನ್ಯಧಾಮದ ಹೆಸರಿನಲ್ಲಿ ಒಂದೇ ಪ್ರಾಣಿ ಇರಬಹುದು, ಕಾಡಿನಲ್ಲಿ ಎಲ್ಲವೂ ಇವೆ.

ಕೊರಟಗೆರೆ: ಯುಗಾದಿಯ ಆಸುಪಾಸು

ಸಿದ್ಧರಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಹೊಂಗೆ ಎಲೆ ಉದುರಿಸಿ ಎರಡು ವಾರ ತುಂಬುವ ಮೊದಲೇ ತಳತಳಿಸುವ ಹೊಸ ಎಲೆ ಹೊದ್ದು ನಿಂತಿದೆ. ಮುತ್ತುಗದ ಹೂ ಮುಗಿಯುತ್ತ ಬಂತು. ಕಕ್ಕೆಯ ಮರದಲ್ಲಿ ಇನ್ನೂ ಕಳೆದ ವರ್ಷದ ಕೋಲುಕಾಯಿಗಳು ಕಪ್ಪಾಗಿ ತೂಗುತ್ತಿವೆ. ಹಳದಿ ಗೊಂಚಲಿಗೆ ಸಮಯವಿದೆ.

ಇಂಥ ಮರಗಳನ್ನು ನೋಡಲು ಒಂದು ಪದ್ಧತಿ ಇದೆ, ಸೀಸನ್‌ವಾಚ್ ಎಂದು. ಒಂದು ಮರ ಆರಿಸಿಕೊಳ್ಳಬೇಕು, ಆ ಮರವನ್ನು ವಾರಕ್ಕೊಮ್ಮೆ ನೋಡಬೇಕು. ಚಿಗುರು, ಬಲಿತ ಎಲೆ, ಮೊಗ್ಗು, ಹೂ, ಕಾಯಿ, ಹಣ್ಣು: ಇಲ್ಲವೋ, ಸ್ವಲ್ಪವೋ, ತುಂಬವೋ ಎಂದು ಬರೆದು ಕಳಿಸಬೇಕು. ದೇಶದ ಬೇರೆಬೇರೆ ಕಡೆ ಶಾಲಾ ಮಕ್ಕಳು, ಮೇಷ್ಟ್ರುಗಳು, ನಿವೃತ್ತರು ಇದನ್ನು ಮಾಡುತ್ತಿದ್ದಾರೆ. ಒಂದು ಮರದ ಒಂದು ವರ್ಷದ ಲೆಕ್ಕದಿಂದ ದೊಡ್ಡ ಸತ್ಯವೇನೂ ಹೊರಡುವುದಿಲ್ಲ. ಸಾವಿರಾರು ಮರಗಳ ಅನೇಕ ವರ್ಷಗಳ ಲೆಕ್ಕ ಒಂದೇ ಕಣಜಕ್ಕೆ ಬಿದ್ದರೆ, ಬಿಸಿಲು ಮಳೆಯ ಕ್ರಮ ತಪ್ಪಿದಾಗ ಹೂವಿನ ಕಾಲವೂ ಎತ್ತ ಜಾರುತ್ತಿದೆ ಎಂಬುದನ್ನು ಅಳೆಯಬಹುದು. ಕಣಜಕ್ಕೆ ಕಾಳು ಹಾಕುವವರು ಎಷ್ಟು ಜನ ಎನ್ನುವುದಕ್ಕಿಂತ, ಜೊಳ್ಳು ತೂರಿ ಹಾಕಿದರೋ ಎನ್ನುವುದು ಮುಖ್ಯ.

ನಮ್ಮ ಹಳ್ಳಿಗಳಲ್ಲಿ ಈ ನೋಟ ಹೊಸದಲ್ಲ. ಬೇವು ಹೂಬಿಟ್ಟ ಪರಿ, ಹುಣಸೆ ಕಾಯಿ ಹಿಡಿದ ರೀತಿ ನೋಡಿ ಮುಂಗಾರಿನ ಮಾತಾಡುವ ಹಿರಿಯರು ಈಗಲೂ ಇದ್ದಾರೆ. ಅವರ ಬಳಿ ಇಲ್ಲದ್ದು ತಾರೀಖು ಹಾಕಿ ಬರೆದಿಟ್ಟ ಪುಸ್ತಕ ಮಾತ್ರ. ಮೊಮ್ಮಕ್ಕಳ ಕೈಯಲ್ಲಿ ಮೊಬೈಲ್ ಇದೆ. ಅಜ್ಜನ ಕಣ್ಣು, ಮೊಮ್ಮಗಳ ಕೈ ಸೇರಿದರೆ ಪುಸ್ತಕ ಆಗುತ್ತದೆ.

ಮಧುಗಿರಿ ಸೀಮೆಯ ಒಂದು ಗುಡ್ಡ: ಜೂನ್

ಯಾವ ಗುಡ್ಡ ಎಂದು ಬರೆಯುವುದಿಲ್ಲ. ಮಧುಗಿರಿಯ ಏಕಶಿಲೆ, ಚೆನ್ನರಾಯನದುರ್ಗ, ಇವುಗಳ ಸುತ್ತ ದೂರದೂರದವರೆಗೆ ಇಂಥ ಬಂಡೆ ಗುಡ್ಡಗಳು ಹಬ್ಬಿವೆ. ದುಂಡುಗಲ್ಲುಗಳ ರಾಶಿ, ನಡುವೆ ಅತ್ತಿ ಜಾತಿಯ ಗಿಡ್ಡ ಮರಗಳು, ಬಂದರೆ, ಕಾರೆ. ಕರಡಿಗಳು ಹಗಲು ಮಲಗುವ ಗವಿಗಳೂ ಇಲ್ಲೇ. ಹೆಜ್ಜೇನು ಬಂಡೆಯ ಹೊಟ್ಟೆಗೆ ಜೋತುಬಿದ್ದಿದೆ.

ಬಂಡೆಯ ನೆರಳಿನಲ್ಲಿ ಬಹಳ ಹೊತ್ತು ಕೂತ ಮೇಲೆ ಹಣ್ಣಿನ ಗಿಡಕ್ಕೆ ಒಂದು ಹಕ್ಕಿ ಬಂತು. ಜುಟ್ಟಿಲ್ಲ. ತಲೆ ಹಳದಿ ಬೆರೆತ ಹಸಿರು, ಕೊರಳು ಅಚ್ಚ ಹಳದಿ, ಬಾಲದ ಬುಡದಡಿಯೂ ಹಳದಿ. ಹಳದಿ ಕೊರಳಿನ ಪಿಕಳಾರ. ಎರಡು ಹಣ್ಣು ನುಂಗಿ, ಕೊಕ್ಕನ್ನು ಕೊಂಬೆಗೆ ಒರೆಸಿ, ಬಂಡೆಗಳ ಸಂದಿಗೆ ಇಳಿದು ಮರೆಯಾಯಿತು.

ಇದು ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅಪಾಯಕ್ಕೆ ಈಡಾಗಬಹುದಾದ ಪ್ರಭೇದವೆಂದು ಐಯುಸಿಎನ್ ಸಂಸ್ಥೆಯ ಜಾಗತಿಕ ಪಟ್ಟಿಯಲ್ಲಿದೆ. ಅದರ ಗುಡ್ಡಗಳಿಗೆ ಕಲ್ಲು ಗಣಿಗಾರಿಕೆಯ ಕಣ್ಣು ಬಿದ್ದಿದೆ. ಹಾಗಿರುವಾಗ ಹಂಚುವುದಕ್ಕೂ ಒಂದು ಅಳತೆ ಬೇಕು. ಜಾಗ ತಿಳಿದರೆ ಕ್ಯಾಮೆರಾ ಹಿಡಿದವರು ಬರುತ್ತಾರೆ. ಕೆಲವರು ಮೊಬೈಲಿನಲ್ಲಿ ಅದರದೇ ಕೂಗನ್ನು ಹಾಕಿ ಕರೆಯುತ್ತಾರೆ. ಹಕ್ಕಿ ತನ್ನ ಎಲ್ಲೆಗೆ ಇನ್ನೊಂದು ಬಂತೆಂದು ಗೂಡು ಬಿಟ್ಟು ಎದುರಾಳಿಯನ್ನು ಹುಡುಕುತ್ತದೆ. ಮೊಟ್ಟೆಗೆ ಕಾವು ಕೊಡಬೇಕಾದ ಹೊತ್ತು ಇಲ್ಲದ ಶತ್ರುವಿನ ಹಿಂದೆ ಹೋಗುತ್ತದೆ.

ಗಿಡ, ಪ್ರಾಣಿಗಳ ಚಿತ್ರ ಹಂಚುವ ಐ-ನ್ಯಾಚುರಲಿಸ್ಟ್ ತಾಣದಲ್ಲಿ ಅಪಾಯದಲ್ಲಿರುವ ಜೀವಿಯ ಚಿತ್ರ ಹಾಕಿದರೆ, ನಕ್ಷೆಯಲ್ಲಿ ನಿಖರ ಜಾಗದ ಬದಲು ಸುಮಾರು 20 ಕಿಲೊಮೀಟರ್ ಉದ್ದಗಲದ ಚೌಕದಲ್ಲಿ ಎಲ್ಲೋ ಒಂದು ಚುಕ್ಕೆ ಕಾಣುತ್ತದೆ. ಇ-ಬರ್ಡ್ ಕೂಡ ಸೂಕ್ಷ್ಮ ಪ್ರಭೇದಗಳ ಜಾಗವನ್ನು ಮುಚ್ಚಿಡುತ್ತದೆ. ತಾಣ ಮಾಡುವ ಈ ಕೆಲಸವನ್ನು ನಾವು ವಾಟ್ಸ್ಆಪ್‌ನಲ್ಲಿ, ಫೇಸ್‌ಬುಕ್‌ನಲ್ಲಿ ನಮ್ಮ ಕೈಯಾರೆ ಮಾಡಬೇಕು. ಗೂಬೆಯ ಪೊಟರೆ, ನೆಲದ ಮೇಲೆ ಮೊಟ್ಟೆಯಿಡುವ ಟಿಟ್ಟಿಭದ ಜಾಗ, ಕರಡಿಯ ಗವಿ, ಇವುಗಳ ಗುರುತು ಚಿತ್ರದ ಹಿನ್ನೆಲೆಯಲ್ಲೂ ಸಿಗದಂತೆ ನೋಡಿಕೊಳ್ಳಬೇಕು. ದಾಖಲೆ ಉಳಿಯಲಿ, ದಾರಿ ಉಳಿಯದಿರಲಿ.

ಪಾವಗಡ: ಮತ್ತೆ ಚಳಿಗಾಲದ ಹೊಸ್ತಿಲು

ಮೂರು ಕಡೆ ಆಂಧ್ರ ಸುತ್ತುವರಿದ ತಾಲ್ಲೂಕು. ಸಂತೆಯಲ್ಲಿ ಕನ್ನಡ, ತೆಲುಗು ಒಂದೇ ಉಸಿರಿನಲ್ಲಿ ಬರುತ್ತವೆ. ಕಡಲೆಕಾಯಿ ಹೊಲಗಳ ಕೆಲಸ ಮುಗಿದಿದೆ. ತಿರುಮಣಿಯ ಕಡೆ ಹೋದರೆ ನೆಲದ ತುಂಬ ಸೌರಫಲಕಗಳು. ಐದು ಗ್ರಾಮಗಳ ಸುಮಾರು 13,000 ಎಕರೆ, 2,050 ಮೆಗಾವಾಟ್. 2018ರಲ್ಲಿ ಚಾಲನೆ ಪಡೆದ ಈ ಪಾರ್ಕು ರೈತರಿಂದ ಜಮೀನು ಕೊಂಡದ್ದಲ್ಲ, ಗುತ್ತಿಗೆಗೆ ಪಡೆದದ್ದು. ಮಳೆ ಕೈಕೊಟ್ಟ ವರ್ಷಗಳಲ್ಲಿ ವರ್ಷಕ್ಕಿಷ್ಟು ಎಂದು ಬರುವ ಗುತ್ತಿಗೆ ಹಣ ಎಷ್ಟೋ ಮನೆಗಳನ್ನು ನಡೆಸಿದೆ. ಬಿಸಿಲಿನ ವಿದ್ಯುತ್ತು ದೇಶಕ್ಕೂ ಬೇಕು. ಇಷ್ಟು ದೊಡ್ಡ ಬಯಲಿನ ಬಳಕೆ ಬದಲಾಗುವಾಗ, ಅಲ್ಲಿ ಮೊದಲು ಯಾವ ಹಕ್ಕಿ, ಯಾವ ಓತಿ, ಯಾವ ಹುಲ್ಲು ಇತ್ತು ಎಂಬ ಪಟ್ಟಿಯೂ ಅಷ್ಟೇ ಬೇಕು. ಯೋಜನೆ ಬರುವ ವರ್ಷ ಓಡಿಹೋಗಿ ಮಾಡುವ ಸಮೀಕ್ಷೆ ಇದಕ್ಕೆ ಸಾಲದು. ಹಲವು ಋತುಗಳ ಮೊದಲೇ ಊರಿನವರು ಬರೆದಿಟ್ಟ ಪಟ್ಟಿ ಬೇಕು.

ರಸ್ತೆಬದಿಯ ತಂತಿಯ ಮೇಲೆ ನೀಲಕಂಠ ಕೂತಿದೆ. ಕೂತಾಗ ಮಣ್ಣುಬಣ್ಣ, ಹಾರಿದಾಗ ಮಾತ್ರ ರೆಕ್ಕೆಯ ನೀಲಿ ತೆರೆಯುತ್ತದೆ. ನಮ್ಮ ರಾಜ್ಯದ ಹಕ್ಕಿ. ಎಲ್ಲೆಲ್ಲೂ ಇದೆ ಎಂದು ನಾವೆಲ್ಲ ನಂಬಿಕೊಂಡಿದ್ದ ಇದರ ಸಂಖ್ಯೆ ಇಳಿಯುತ್ತಿದೆ ಎಂದು 2023ರ 'ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್' ವರದಿ ತೋರಿಸಿತು. ಜಾಗತಿಕ ಪಟ್ಟಿಯಲ್ಲಿ ಇದರ ಸ್ಥಾನವನ್ನು ಮರುಪರಿಶೀಲಿಸಬೇಕೆಂದೂ ಹೇಳಿತು. 942 ಪ್ರಭೇದಗಳ ಆ ಲೆಕ್ಕಕ್ಕೆ ಆಧಾರವಾದದ್ದು 30,000ಕ್ಕೂ ಹೆಚ್ಚು ಹಕ್ಕಿಪ್ರಿಯರು ಇ-ಬರ್ಡ್‌ಗೆ ಸೇರಿಸಿದ ಸುಮಾರು 3 ಕೋಟಿ ದಾಖಲೆಗಳು. ಬಯಲು, ಹುಲ್ಲುಗಾವಲಿನ ಹಕ್ಕಿಗಳೇ ಹೆಚ್ಚು ಸೋತಿವೆ ಎಂಬುದೂ ಅದರಿಂದಲೇ ತಿಳಿಯಿತು. ನೀಲಕಂಠವನ್ನು 'ಇದೇನು ಬರೆಯುವುದು' ಎಂದು ಎಲ್ಲರೂ ಬಿಟ್ಟಿದ್ದರೆ ಈ ಎಚ್ಚರಿಕೆ ನಮಗೆ ಸಿಗುತ್ತಲೇ ಇರಲಿಲ್ಲ.

ಈ ಸೀಮೆಯ ಒಬ್ಬ ಕಾಲೇಜು ಹುಡುಗಿ ಬೇಸಿಗೆಯಲ್ಲಿ ಹೊಲದ ಬದುವಿನಲ್ಲಿ ಕಂಡ ಓತಿಯ ಚಿತ್ರವನ್ನು ಐ-ನ್ಯಾಚುರಲಿಸ್ಟ್‌ಗೆ ಹಾಕಿದ್ದಳು. 2008ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಾಜೆಕ್ಟಾಗಿ ಹುಟ್ಟಿದ ತಾಣ ಅದು. ಚಿತ್ರ ನೋಡಿದವರು ಹೆಸರು ಸೂಚಿಸುತ್ತಾರೆ; ಸೂಚಿಸಿದವರಲ್ಲಿ ಮೂರನೇ ಎರಡು ಪಾಲಿಗಿಂತ ಹೆಚ್ಚು ಜನ ಒಪ್ಪಿದರೆ ದಾಖಲೆ ಸಂಶೋಧನೆಗೆ ಯೋಗ್ಯವಾಗುತ್ತದೆ. ಆ ಓತಿಗೆ ಯಾರೂ ತಟ್ಟನೆ ಹೆಸರು ಕೊಡಲಿಲ್ಲ. "ಗಂಡಿನ ಕೊರಳಿನ ಬೀಸಣಿಗೆ ಅರಳಿದಾಗಿನ ಚಿತ್ರ ಸಿಕ್ಕೀತೇ?" ಎಂದು ಒಬ್ಬರು ಕೇಳಿದರು. ಬೀಸಣಿಗೆ ಕೊರಳಿನ ಓತಿಗಳಲ್ಲಿ ಗುರುತು ಹಿಡಿಯುವುದು ಆ ಬೀಸಣಿಗೆಯ ಬಣ್ಣ, ಉದ್ದದಿಂದ. 2016ರಲ್ಲಿ ಸಂಶೋಧಕರಾದ ದೀಪಕ್ ವೀರಪ್ಪನ್, ವರದ್ ಗಿರಿ ಮತ್ತು ಸಂಗಡಿಗರು ಇವುಗಳಲ್ಲಿ ಒಂದು ಹೊಸ ಕುಲ, ಐದು ಹೊಸ ಪ್ರಭೇದಗಳನ್ನು ವಿವರಿಸಿದ ಮೇಲೆ, ಎಲ್ಲಿ ಯಾವುದು ಎಂಬ ಪ್ರಶ್ನೆಗೆ ಹೊಸ ತೂಕ ಬಂದಿದೆ.

ಹುಡುಗಿ ಮತ್ತೆ ಹೊಲಕ್ಕೆ ಹೋದಳು. ಗಂಡು ಓತಿ ಕಲ್ಲಿನ ಮೇಲೆ ಏರಿ, ಕೊರಳು ಅರಳಿಸಿ, ಮುಚ್ಚಿ, ಮತ್ತೆ ಅರಳಿಸುವವರೆಗೆ ಬಿಸಿಲಿನಲ್ಲಿ ಕಾದಳು. ಅವಳು ಹಾಕಿದ ಎರಡನೆಯ ಚಿತ್ರದ ಕೆಳಗೆ ಹೊತ್ತು, ಬಿಸಿಲು, ಮಣ್ಣಿನ ಬಣ್ಣ, ಬದುವಿನ ಗಿಡದ ಹೆಸರು, ಎಲ್ಲವೂ ಕನ್ನಡದಲ್ಲಿ ಇದ್ದವು. ಜಾಲದ ಗುಂಪೊಂದು ಮಾಡಬಲ್ಲ ಅತ್ಯುತ್ತಮ ಕೆಲಸ ಇದೇ ಎಂದು ನನಗೆ ಅನಿಸುತ್ತದೆ: ಉತ್ತರ ಕೊಟ್ಟು ಕಳಿಸುವುದಕ್ಕಿಂತ, ಇನ್ನೊಮ್ಮೆ ಹೊಲಕ್ಕೆ ಹೋಗಿ ನೋಡುವಂತೆ ಮಾಡುವ ಪ್ರಶ್ನೆ ಕೇಳುವುದು. ಹಾಗೆ ಕೇಳಿದವರಿಗೆ ಅವಳ ಬದುವಿನ ಬಗ್ಗೆ ಗೌರವ ಇತ್ತು. ಕೇಳಿಸಿಕೊಂಡವಳಿಗೆ ಅದು ಅರ್ಥವಾಯಿತು.

ಹೀಗೆ ಒಬ್ಬೊಬ್ಬರು ನೋಡುವುದನ್ನು ಹಲವರು ಸೇರಿ ಮಾಡಿದ್ದೂ ಇದೆ. ಮೈಸೂರಿನ ಹಕ್ಕಿಪ್ರಿಯರು 2014ರಿಂದ 2016ರವರೆಗೆ ತಮ್ಮ ನಗರವನ್ನು ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕದಲ್ಲೂ ಹಕ್ಕಿ ಎಣಿಸಿದರು. ಕೇರಳದವರು 2015ರಿಂದ 2020ರವರೆಗೆ ಇಡೀ ರಾಜ್ಯವನ್ನೇ ಹಾಗೆ ಎಣಿಸಿ ಮುಗಿಸಿದರು. ದುಡಿದವರು ಬಹುಪಾಲು ಸ್ವಯಂಸೇವಕರು. ನಮ್ಮ ನಾಲ್ಕು ತಾಲ್ಲೂಕುಗಳಿಗೆ ನನ್ನ ಸೂಚನೆ ಇದಕ್ಕಿಂತ ಸಣ್ಣದು. ಪ್ರತಿ ಹೋಬಳಿಯಲ್ಲೂ ಒಂದು ಗೋಮಾಳ, ಒಂದು ಕೆರೆ, ಒಂದು ಗುಡ್ಡದ ಬುಡ ಆರಿಸಿಕೊಳ್ಳೋಣ. ಹತ್ತಿರದ ಶಾಲೆಯೋ ಯುವಕ ಸಂಘವೋ ತಿಂಗಳಿಗೊಮ್ಮೆ ಬೆಳಗ್ಗೆ ಹೋಗಿ ಕಾಲು ಗಂಟೆ ನಿಂತು, ಕಂಡದ್ದನ್ನೆಲ್ಲ ಬರೆಯಲಿ. ಹೆಸರು ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದೇ ಬರೆಯಲಿ, ಊರಿನವರು ಕರೆಯುವ ಹೆಸರನ್ನು ಜೊತೆಗೆ ಸೇರಿಸಲಿ. ಏನೂ ಕಾಣದ ಬೆಳಗನ್ನೂ ಬಿಡದೆ ಬರೆಯಲಿ. ಗೂಡಿನ ಜಾಗ ಮಾತ್ರ ತಮ್ಮಲ್ಲೇ ಇಟ್ಟುಕೊಳ್ಳಲಿ.

ಮುಂದೆ ಯಾರಾದರೂ ನಕ್ಷೆ ಹಿಡಿದು ಬಂದು ಈ ಬಯಲಿನಲ್ಲಿ ಏನೂ ಇಲ್ಲವಲ್ಲ ಎಂದಾಗ, ನಮ್ಮ ಕೈಯಲ್ಲಿ ತಾರೀಖು ಸಮೇತ ಉತ್ತರ ಇರಬೇಕು. ಆ ಉತ್ತರವನ್ನು ಒಬ್ಬ ತಜ್ಞ ಒಂದು ವಾರದಲ್ಲಿ ಬರೆಯಲಾರ. ಮೈದನಹಳ್ಳಿ, ಕಗ್ಗಲಡು, ಬುಕ್ಕಾಪಟ್ಟಣಗಳಿಗೆ ಯಾರೋ ಕೆಲವರು ಅದನ್ನು ಬರೆದುಕೊಟ್ಟರು. ಉಳಿದ ಗೋಮಾಳಗಳಿಗೆ ಬರೆದುಕೊಡಬೇಕಾದವರು ಅವುಗಳ ಪಕ್ಕದಲ್ಲೇ ಇರುವ ನಾವು.